ಕಾಕಾನ ತತ್ವಪದ, ಹನ್ನೊಂದು ದಿನ ಊಳಿಟ್ಟ ಡಿಲೇ

ನಿನ್ನೆ ರಾತ್ರಿ ಒಂದೂವರೆಗೆ ಕೂಗು ನಿಂತಿತು. ಹನ್ನೊಂದು ದಿನದಿಂದ ನನ್ನ ಡಿಲೇ, ಅಂದ್ರೆ ಹಾಡಿದ ದನಿಯನ್ನು ಸ್ವಲ್ಪ ತಡೆದು ಮತ್ತೆ ಮತ್ತೆ ಕೇಳಿಸುವ ಎಫೆಕ್ಟ್, ಒಂದೇ ಸ್ವರ ಹಿಡಿದು ಊಳಿಡುತ್ತಿತ್ತು. ಯಾಕೆ ಅಂತ ಗೊತ್ತಾದ ಮೇಲೆ ಖುಷಿಗೆ ನಿದ್ದೆಯೇ ಬರಲಿಲ್ಲ. ಮರೆಯುವ ಮೊದಲು ಬರೆದಿಡುತ್ತೇನೆ.

ರೆಕಾರ್ಡಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಕಾಕಾನ ದನಿ, ಏಕತಾರಿ, ದಮ್ಮಡಿ, ಹಾರ್ಮೋನಿಯಂ. ನಾಲ್ಕು ಟ್ರ್ಯಾಕ್, 96 ಬಿಪಿಎಂ (ನಿಮಿಷಕ್ಕೆ 96 ಬಡಿತ), ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. ಕಲಬುರಗಿಯ ಬಿಸಿಲುಗಾಲ ಗೊತ್ತಲ್ಲ, ಫ್ಯಾನ್ ಹಾಕಿದರೆ ಮೈಕಿಗೆ ಕೇಳುತ್ತದೆ, ಆರಿಸಿದರೆ ಕೂರಲಾಗುವುದಿಲ್ಲ. ಹಾಗಾಗಿ ಬೆಳಗಿನ ಐದಕ್ಕೇ ಹಾಡಿಸಿದೆ. ಕೋಣೆಯ ನೆಲ ಶಹಾಬಾದ್ ಫರ್ಶಿ, ಚಪ್ಪಾಳೆ ಹೊಡೆದರೆ ಝಣ್ ಅನ್ನುತ್ತದೆ. ಅವ್ವ ಹೊಲಿದ ಮೂರು ಕೌದಿ ಗೋಡೆಗೆ ತೂಗುಹಾಕಿದೆ, ಒಂದನ್ನು ನೆಲಕ್ಕೆ ಹಾಸಿದೆ. ಫೋಮ್ ಶೀಟಿಗೆ ದುಡ್ಡು ಹಾಕುವ ಮೊದಲು ಕೌದಿ ಕಟ್ಟಿ ನೋಡಿ.

ನನಗೆ ಬೇಕಿದ್ದದ್ದು ಒಂದೇ. ರಾತ್ರಿ ಹೊಲದಲ್ಲಿ ಮಲಗಿದ್ದಾಗ ಪಕ್ಕದ ಊರಿನ ಗುಡಿಯಿಂದ ಭಜನೆ ಕೇಳುತ್ತದಲ್ಲ, ಕಹಳೆ ಸ್ಪೀಕರಿನಿಂದ, ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗೆ? ಗಾಳಿ ಬಂದರೆ ಹತ್ತಿರ, ಹೋದರೆ ದೂರ. ಕಾಕಾ ಒಂದು ಸಾಲು ಹಾಡಿ ನಿಲ್ಲಿಸಿದರೆ ಅವನದೇ ದನಿ ಹಾಗೆ ದೂರದಿಂದ ವಾಪಸ್ ಬರಬೇಕು.

ಸುಮ್ನೆ ಡಿಲೇ ಹಾಕಿದರೆ ಆಗುವುದಿಲ್ಲ. ಡಾಟೆಡ್ ಏಯ್ತ್, ಅಂದ್ರೆ ಮುಕ್ಕಾಲು ಬಡಿತದ ಅಂತರ ಇಟ್ಟೆ, 96ಕ್ಕೆ ಅದು 468.75 ಮಿಲಿಸೆಕೆಂಡ್. ತತ್ವಪದದಲ್ಲಿ ಶಿವ, ಶರಣ, ಶೂನ್ಯ ಇಲ್ಲದ ಸಾಲು ಕಡಿಮೆ. ಒಂದೊಂದು ಶಕಾರವೂ ಐದೈದು ಸಲ ಶ್ ಶ್ ಅಂತ ವಾಪಸ್ ಬಂತು. ಕಾಕಾ ಹೆಡ್‌ಫೋನ್ ತೆಗೆದಿಟ್ಟು ಕೇಳಿದ: "ತಮ್ಮಾ, ನಾ ಒಬ್ಬಾಂವನೇ ಹಾಡೀನಿ. ಹಿಂದ ಬುಸ್ ಬುಸ್ ಅನ್ನೋ ಮಂದಿ ಯಾರದಾರ?"

ನಿಜವಾದ ಪ್ರತಿಧ್ವನಿ ಹಾಗೆ ಬುಸುಗುಡುವುದಿಲ್ಲ. 468.75 ಮಿಲಿಸೆಕೆಂಡ್ ಅಂದ್ರೆ ಸುಮಾರು 80 ಮೀಟರ್ ದೂರದ ಗೋಡೆಗೆ ದನಿ ಹೋಗಿ ಬಂದಷ್ಟು ಹೊತ್ತು. ಅಷ್ಟು ದಾರಿಯಲ್ಲಿ ಗಾಳಿ ಮತ್ತು ಗೋಡೆ ಎರಡೂ ಚೂಪು ಸದ್ದನ್ನೇ ಮೊದಲು ತಿನ್ನುತ್ತವೆ. ಗೋಲ ಗುಮ್ಮಟದಲ್ಲಿ ಚಪ್ಪಾಳೆ ಹೊಡೆದವರಿಗೆ ಗೊತ್ತಿರುತ್ತದೆ, ಬರಬರುತ್ತಾ ಚಪ್ಪಾಳೆಯ ಚುರುಕು ಹೋಗಿ ಬರೀ ಗುಮ್ಮನೆಯ ಸದ್ದು ಉಳಿಯುತ್ತದೆ.

ಅದಕ್ಕೇ ಫಿಲ್ಟರ್ ಫೀಡ್‌ಬ್ಯಾಕ್ ಸುತ್ತಿನ (ಡಿಲೇಯಿಂದ ಹೊರಬಂದ ಸದ್ದಿನ ಒಂದು ಪಾಲು ಮತ್ತೆ ಅದರೊಳಗೇ ಹೋಗುವ ದಾರಿ) ಒಳಗೇ ಇರಬೇಕು. ಹೊರಗಿಟ್ಟರೆ ಎಲ್ಲ ಪ್ರತಿಧ್ವನಿಗೂ ಒಂದೇ ಬಣ್ಣ. ಒಳಗಿಟ್ಟರೆ ಪ್ರತಿ ಸುತ್ತಿಗೂ ಇನ್ನೊಮ್ಮೆ ಸೋಸುತ್ತದೆ. ಸಾದಾ ಲೋ ಪಾಸ್ (ಚೂಪು ಸದ್ದು ತಡೆಯುವ ಫಿಲ್ಟರ್) ಕಟ್‌ಆಫ್‌ನಲ್ಲಿ, ಅಂದ್ರೆ ತಡೆ ಶುರುವಾಗುವ ಜಾಗದಲ್ಲಿ, 3 ಡಿಬಿ (ಡೆಸಿಬೆಲ್) ಇಳಿಸಿದರೆ, ನಾಲ್ಕು ಸಲ ಹಾದಾಗ 12 ಡಿಬಿ ಇಳಿದಿರುತ್ತದೆ. 1974ರ ರೋಲ್ಯಾಂಡ್ ಆರ್‌ಇ-201 ಟೇಪ್ ಎಕೋದ ಸೊಗಸೂ ಇದೇ. ಟೇಪು ಪ್ರತಿ ಸುತ್ತಿಗೂ ಮೇಲಿನ ಸದ್ದನ್ನು ಸ್ವಲ್ಪ ಸ್ವಲ್ಪ ಕಳೆಯುತ್ತಾ ಹೋಗುತ್ತದೆ.

ಇದನ್ನೇ ಮೂವತ್ತು ಸಾಲಿನ ಜೆಎಸ್‌ಎಫ್‌ಎಕ್ಸ್ ಆಗಿ (ರೀಪರ್ ಒಳಗೆ ಓಡುವ ಎಫೆಕ್ಟ್ ಕೋಡ್) ಬರೆದೆ. ಕಹಳೆಯ ಮೂಗುದನಿ ಬರಲಿ ಅಂತ ಕಟ್‌ಆಫ್ 1100 ಹರ್ಟ್ಸ್, ರೆಸೊನೆನ್ಸ್ (ಕಟ್‌ಆಫ್ ಹತ್ತಿರದ ಸದ್ದನ್ನು ಗುಡ್ಡದ ಹಾಗೆ ಎತ್ತುವ ಅಳತೆ) ಅಂದ್ರೆ ಕ್ಯೂ 2, ಫೀಡ್‌ಬ್ಯಾಕ್ 55%. ಗಿಟಾರಿನ ಒಂದೆರಡು ಸ್ವರ ಬಾರಿಸಿ ನೋಡಿದೆ, ಬಹಳ ಚೆನ್ನಾಗಿತ್ತು. ಕಾಕಾನ ಹಾಡಿಗೆ ಹಾಕಿದೆ. ಎರಡನೇ ನುಡಿಯ ಹೊತ್ತಿಗೆ ಸಣ್ಣಗೆ ಊಂ ಅಂತ ಶುರುವಾಯ್ತು. ಮೂರನೇ ನುಡಿಗೆ ಹಾಡೇ ಕೇಳಿಸಲಿಲ್ಲ.

ಫೀಡ್‌ಬ್ಯಾಕ್ 55% ಇದ್ದರೆ ಪ್ರತಿ ಸುತ್ತಿಗೂ ಸದ್ದು ಅರ್ಧಕ್ಕೆ ಹತ್ತಿರ ಇಳಿಯಬೇಕು ಅಲ್ವಾ? ಇದು ಏರುತ್ತಿತ್ತು.

ಫೀಡ್‌ಬ್ಯಾಕ್ 40%ಕ್ಕೆ ಇಳಿಸಿದೆ. ಕೂಗು ನಿಂತಿತು, ಜೊತೆಗೆ ಪ್ರತಿಧ್ವನಿಯ ಬಾಲವೂ ಹೋಯಿತು. ಬಸ್ಸಿನ (ಎಫೆಕ್ಟಿನ ಸದ್ದು ಹಾಯುವ ಚಾನೆಲ್) ಕೊನೆಗೆ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವುದು) ಹಾಕಿ 55%ಕ್ಕೆ ಮರಳಿದೆ. ಮಟ್ಟ ಕೈಗೆ ಸಿಕ್ಕಿತು, ಆದರೆ ಬಸ್ ತುಂಬ ಆ ಒಂದು ಸ್ವರವೇ. ಆಮೇಲೆ ಕೇಬಲ್ ಮೇಲೆ ಅನುಮಾನ ಬಂತು. ಆನ್‌ಲೈನ್ ಅಂಗಡಿಯೊಂದರಿಂದ ಟಿಆರ್‌ಎಸ್ ಕೇಬಲ್ ತರಿಸಿದೆ. ಆರು ದಿನ ಕಾದೆ. ಚಿತ್ರದಲ್ಲಿ ಜ್ಯಾಕಿಗೆ ಎರಡು ಕಪ್ಪು ಗೆರೆ ಇದ್ದವು, ಮನೆಗೆ ಬಂದಿದ್ದಕ್ಕೆ ಒಂದೇ. ಸ್ಟೀರಿಯೋ ಅಂತ ಮಾರಿ ಮೋನೋ ಕಳಿಸಿದ್ದಾರೆ. ಫೋನ್ ಮಾಡಿದರೆ, ಪಾಕೀಟು ಒಡೆದಾಗಿದೆ, ವಾಪಸ್ ತಗೊಳ್ಳಲ್ಲ ಅಂದರು. ಒಡೆಯದೇ ಗೆರೆ ಎಣಿಸುವುದು ಹೇಗೆ? ಈ ಕೆಲಸಕ್ಕೆ ಇಳಿದವರು ದಯವಿಟ್ಟು ಕೇಬಲ್ ಊರಲ್ಲೇ, ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ.

ಅದೇ ಸಂಜೆ ಹಾಡನ್ನು ರೆಂಡರ್ ಮಾಡಿ ಮೊಬೈಲಿನಲ್ಲಿ ಕೇಳಿದೆ. ಫೈಲಿನಲ್ಲೂ ಕೂಗು ಇತ್ತು. ಅಂದ್ರೆ ಸ್ಪೀಕರಿನ ಕೇಬಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ, ತಪ್ಪು ಲೆಕ್ಕದಲ್ಲೇ ಇದೆ.

ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡುತ್ತಾ ಬಂದೆ. ಕಾಕಾನ ದನಿ ಒಂದೇ ಇದ್ದಾಗ ಕೂಗು ತಡವಾಗಿ ಬರುತ್ತಿತ್ತು. ಹಾರ್ಮೋನಿಯಂ ಸೇರಿಸಿದ ತಕ್ಷಣ ಎದ್ದು ನಿಲ್ಲುತ್ತಿತ್ತು. ಸ್ಪೆಕ್ಟ್ರಮ್ ಅನಲೈಸರ್ ತೆರೆದರೆ ನಡುವೆ ಸೂಜಿಯಂಥ ಒಂದೇ ಗೆರೆ, 1109 ಹರ್ಟ್ಸ್ ಹತ್ತಿರ. ಕಾಕಾ ಹಾಡುವುದು ಕರಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಕೀ). ಆ ಷಡ್ಜ ಸುಮಾರು 277 ಹರ್ಟ್ಸ್. ನಾಲ್ಕರಿಂದ ಗುಣಿಸಿ, 1108. ಹಾರ್ಮೋನಿಯಂ ಹಾಡಿನುದ್ದಕ್ಕೂ ಷಡ್ಜ ಬಿಡುವುದೇ ಇಲ್ಲ, ಅದರ ನಾಲ್ಕನೇ ಹಾರ್ಮೋನಿಕ್ (ಮೂಲ ಸ್ವರದ ನಾಲ್ಕು ಪಟ್ಟಿನ ಸದ್ದು) ಸರಿಯಾಗಿ ನನ್ನ ಫಿಲ್ಟರಿನ ಗುಡ್ಡದ ಮೇಲೆ ಕೂತಿತ್ತು.

ಆಗ ಕಾಗದ ತಗೊಂಡು ಲೆಕ್ಕ ಹಾಕಿದೆ. ಆಕ್ಟೇವಿಗೆ 12 ಡಿಬಿ ಇಳಿಸುವ ಲೋ ಪಾಸಿನಲ್ಲಿ ಕಟ್‌ಆಫ್ ಜಾಗದ ಗೇನ್ (ಸದ್ದು ಎಷ್ಟು ಪಟ್ಟಾಗುತ್ತದೆ ಅನ್ನೋದು) ಅಂದ್ರೆ ಕ್ಯೂನಷ್ಟೇ. ಕ್ಯೂ 0.707 ಇದ್ದರೆ ಅಲ್ಲಿ 3 ಡಿಬಿ ಕಡಿಮೆ. ಕ್ಯೂ 2 ಇದ್ದರೆ 6 ಡಿಬಿ ಜಾಸ್ತಿ. ಹಾಗಾದರೆ ಸುತ್ತಿನ ನಿಜವಾದ ಗೇನ್ 0.55 ಅಲ್ಲ. 0.55 ಗುಣಿಸು 2, ಅಂದ್ರೆ 1.1. ಉಳಿದ ಸದ್ದೆಲ್ಲ ಇಳಿಯುತ್ತಿರುವಾಗ 1100ರ ಅಕ್ಕಪಕ್ಕದ್ದು ಮಾತ್ರ ಸುತ್ತಿಗೆ ಶೇ 10 ಏರುತ್ತಿತ್ತು. ಏಳೆಂಟು ಸುತ್ತಿಗೆ ಎರಡು ಪಟ್ಟು, ಮೂರೂವರೆ ಸೆಕೆಂಡೂ ಬೇಡ. ಗಿಟಾರಿನ ಚಿಕ್ಕ ಸ್ವರ ಅಲ್ಲಿಗೆ ಹಾಕಿದ್ದು ಚಿಟಿಕೆಯಷ್ಟು, ಅದು ಏರುವ ಮೊದಲೇ ನಾನು ಪ್ಲೇ ನಿಲ್ಲಿಸಿದ್ದೆ. 40%ರಲ್ಲಿ 0.8 ಆಗುತ್ತಿತ್ತು, ಅದಕ್ಕೇ ಸುಮ್ಮನಾಗಿತ್ತು.

ಕಟ್‌ಆಫ್ ಸ್ವಲ್ಪ ಸರಿಸಿದರೆ ತಪ್ಪಿಸಿಕೊಳ್ಳಬಹುದು ಅಂತ ಅನ್ನಿಸಬಹುದು. ಆಗಲ್ಲ. 468.75 ಮಿಲಿಸೆಕೆಂಡಿನ ಸುತ್ತು ಪ್ರತಿ 2.13 ಹರ್ಟ್ಸಿಗೆ ಒಂದು ಜಾಗದಲ್ಲಿ ತನ್ನ ಜೊತೆ ತಾನೇ ಸೇರಿಕೊಳ್ಳುತ್ತದೆ. ಗುಡ್ಡವನ್ನು ಎಲ್ಲಿಗೆ ಒಯ್ದರೂ ಅದರ ಕೆಳಗೆ ಅಂಥ ಜಾಗ ಇದ್ದೇ ಇರುತ್ತದೆ. ಕೂಗು ತಡವಾಗುತ್ತದೆ, ತಪ್ಪುವುದಿಲ್ಲ.

ಈಗಿನ ಜೋಡಣೆ ಹೀಗಿದೆ. ಸುತ್ತಿನ ಒಳಗೆ ಗುಡ್ಡವಿಲ್ಲದ ಫಿಲ್ಟರ್ ಮಾತ್ರ: ಲೋ ಪಾಸ್ 2800, ಹೈ ಪಾಸ್ (ದಪ್ಪ ಸದ್ದು ತಡೆಯುವುದು) 250, ಎರಡಕ್ಕೂ ಕ್ಯೂ 0.7. ಅವುಗಳ ಹಿಂದೆ ಮೆತ್ತಗಿನ ಸ್ಯಾಚುರೇಷನ್ (ಸದ್ದು ಜೋರಾದರೆ ಮೆಲ್ಲಗೆ ಅದುಮುವುದು), ಕಾವಲಿಗೆ. ಫೀಡ್‌ಬ್ಯಾಕ್ 62%ಕ್ಕೆ ಏರಿಸಿದ್ದೇನೆ, ಬಾಲ ಆರೇಳು ಸೆಕೆಂಡ್ ಉಳಿಯುತ್ತದೆ, ಆದರೂ ಕೂಗಿಲ್ಲ. ಕಹಳೆಯ 1100, ಕ್ಯೂ 2 ಫಿಲ್ಟರನ್ನು ಸುತ್ತಿನಿಂದ ಹೊರಗೆ ತಂದೆ. ಅಲ್ಲಿ ಸದ್ದು ಒಂದೇ ಸಲ ಹಾಯುತ್ತದೆ, 6 ಡಿಬಿ ಏರಿ ಅಲ್ಲಿಗೇ ನಿಲ್ಲುತ್ತದೆ. ಅದರ ಕಟ್‌ಆಫ್ 900ರಿಂದ 1400ರವರೆಗೆ ಹತ್ತು ಸೆಕೆಂಡಿಗೊಮ್ಮೆ ಓಲಾಡುವಂತೆ ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ಅಲೆ) ಕಟ್ಟಿದ್ದೇನೆ. ಹೊಲದ ಗಾಳಿ ಬಂದು ಹೋದಂತೆ ಆಗುತ್ತದೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

ಇದರ ನಡುವೆ ಮುಂದಿನ ಕೆಲಸವೂ ತಲೆಗೆ ಹತ್ತಿದೆ. ಜಾತ್ರೆಯ ಮೈಕ್ ಸೆಟ್ಟಿನಲ್ಲಿ ಎಕೋ ಬೋರ್ಡ್ ನೋಡಿರುತ್ತೀರಿ, ಅಂಥವುಗಳಲ್ಲಿ ಪಿಟಿ2399 ಚಿಪ್ ಬಹಳ. 5 ವೋಲ್ಟ್ ಸಾಕು, ಆರನೇ ಕಾಲಿನ ರೆಸಿಸ್ಟರ್ ಬದಲಿಸಿದರೆ ಡಿಲೇ ಬದಲಾಗುತ್ತದೆ. 340 ಮಿಲಿಸೆಕೆಂಡ್ ದಾಟಿಸಿದರೆ ಗರಗರ ಜಾಸ್ತಿ, ಆದರೆ ನನಗೆ ಆ ಗರಗರವೇ ಬೇಕು. ಸ್ಟೀಲ್ ಊಟದ ಡಬ್ಬಿಯಲ್ಲಿ ಕೂರಿಸಿ, ಫಿಲ್ಟರಿಗೆ ಕೈಯಲ್ಲಿ ತಿರುಗಿಸುವ ದೊಡ್ಡ ಗುಂಡಿ ಇಡಬೇಕು. ಹತ್ತು ಚಿಪ್ ತರಿಸಿದ್ದೆ, ನಾಲ್ಕು ಬಾಯಿಯೇ ಬಿಡಲಿಲ್ಲ. ಉಳಿದ ಆರು ಸಾಕು.

ಬೆಳಿಗ್ಗೆ ಕಾಕಾನಿಗೆ ಹೆಡ್‌ಫೋನ್ ಕೊಟ್ಟೆ. ಮೊದಲ ಸಾಲು ಮುಗಿದು ದನಿ ವಾಪಸ್ ಬಂದಾಗ ಹೆಡ್‌ಫೋನಿನ ಒಂದು ಕಿವಿ ಎತ್ತಿ ಕಿಟಕಿ ಕಡೆ ನೋಡಿದ. "ಯಾವೂರಾಗ ಭಜನಿ ನಡದದ?" ಅಂದ. ಮತ್ತೆ ಕಿವಿಗೆ ಹಾಕಿಕೊಂಡು ಕೊನೆತನಕ ಕೇಳಿದ. ಆಮೇಲೆ, ಮುಂದಿನ ಪದ ಕರಿ ಎರಡಕ್ಕೆ ಹಾಡುತ್ತೇನೆ ಅಂದ. ಆ ಷಡ್ಜ 311, ನಾಲ್ಕರಷ್ಟು 1244. ಓಲಾಟದ ದಾರಿಯಲ್ಲೇ ಬರುತ್ತದೆ. ನಾಳೆ ಐದಕ್ಕೆ ಅದನ್ನು ಹಾಡಿಸಿ ನೋಡುತ್ತೇನೆ.