ಹೀಲಿಯೋಸ್ 44-2 ಕೊನೆಗೂ ಇನ್ಫಿನಿಟಿ ಮುಟ್ತು

ಸಿಕ್ತು ಕಣ್ರೀ ಇನ್ಫಿನಿಟಿ! ನನ್ನ ಹಳೇ ಸೋವಿಯತ್ 58 ಎಂಎಂ ಲೆನ್ಸ್ ಹೀಲಿಯೋಸ್ 44-2 ಈಗ ತುಂಬಾ ದೂರದ್ದಕ್ಕೂ ಫೋಕಸ್ ಆಗುತ್ತೆ. ಎಫ್/2ನಲ್ಲೇ (ಅಪರ್ಚರ್ ಪೂರ್ತಿ ತೆರೆದು) ಇಟ್ಟು ನಕ್ಷತ್ರಕ್ಕೆ ಹಿಡಿದು ಲೈವ್ ವ್ಯೂನಲ್ಲಿ ಪೂರ್ತಿ ಝೂಮ್ ಮಾಡಿ ನೋಡ್ದೆ, ಚುಕ್ಕಿ ಚುಕ್ಕಿಯಾಗೇ ಇದೆ, ರಿಂಗ್ ಇನ್ನೊಂಚೂರು ತಿರುಗಿಸಿದ್ರೆ ಮತ್ತೆ ದಪ್ಪ ಆಗುತ್ತೆ, ಅಂದ್ರೆ ಇನ್ಫಿನಿಟಿ ದಾಟಿ ಸ್ವಲ್ಪ ಜಾಗಾನೂ ಉಳಿದಿದೆ. ಎಷ್ಟು ಖುಷಿ ಆಯ್ತು ಅಂತ ಈ ಲೆನ್ಸ್ ಬಿಚ್ಚಿದವ್ರಿಗೆ ಮಾತ್ರ ಗೊತ್ತಾಗೋದು.

ಅಪರ್ಚರ್ ಬ್ಲೇಡ್ (ಬೆಳಕಿನ ಕಿಂಡಿ ಚಿಕ್ಕದು ದೊಡ್ಡದು ಮಾಡೋ ತೆಳು ತಗಡು) ಕ್ಲೀನಿಂಗ್ ಬಗ್ಗೆ ಜಾಸ್ತಿ ಬರೆಯಲ್ಲ, ಎಂಟು ಬ್ಲೇಡು, ನ್ಯಾಫ್ತಾ (ಎಣ್ಣೆ ಕರಗಿಸೋ ದ್ರಾವಕ), ಒಣಗಿಸೋದು, ಮತ್ತೆ ನ್ಯಾಫ್ತಾ, ಎಲ್ಲಾರೂ ಮಾಡಿರೋದೇ. ಹಳೇ ಗ್ರೀಸಲ್ಲಿರೋ ಎಣ್ಣೆ ಬೇರೆಯಾಗಿ ಹರಿದು ಬ್ಲೇಡ್ ಮೇಲೆ ಬಂದು ಕೂತಿತ್ತು, ಗಟ್ಟಿ ಭಾಗ ಹೆಲಿಕಾಯ್ಡಲ್ಲೇ (ಫೋಕಸ್ ಮಾಡಿದಾಗ ಗಾಜನ್ನ ಹಿಂದೆಮುಂದೆ ಸರಿಸೋ ಥ್ರೆಡ್) ಉಳಿದು ರಿಂಗ್ ಬಿಗಿಯಾಗಿತ್ತು. ಅದು ಒಂದು ಸಂಜೆ ಕೆಲಸ.

ತಲೆ ತಿಂದಿದ್ದು ಫೋಕಸ್. ಈ ಲೆನ್ಸ್ ನನ್ನ ಕೈಗೆ ಬಂದಾಗ್ಲೇ ಸುಮಾರು 4 ಮೀಟರಿಂದಾಚೆ ಏನೂ ಶಾರ್ಪ್ ಬರ್ತಿರ್ಲಿಲ್ಲ. ಹಿಂದೆ ಯಾರೋ ಬಿಚ್ಚಿದಾರೆ ಅನ್ನೋದು ಸ್ಕ್ರೂಗಳ ಅವಸ್ಥೆ ನೋಡಿದ್ರೇ ಗೊತ್ತಾಗ್ತಿತ್ತು. ಎಲ್ಲರೂ ಮೊದ್ಲು ಅಡಾಪ್ಟರ್ (ಹಳೇ ಲೆನ್ಸನ್ನ ಬೇರೆ ಕ್ಯಾಮೆರಾಗೆ ಕೂರಿಸೋ ರಿಂಗ್) ಮೇಲೆ ಅನುಮಾನ ಪಡ್ತೀವಲ್ಲ, ನಾನೂ ಅಳತೆ ತಗೊಂಡೆ. ಈ ಲೆನ್ಸಿನ ಎಂ42 ಮೌಂಟಿಗೆ ಫ್ಲ್ಯಾಂಜ್ ದೂರ (ಮೌಂಟಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗಿನ ಅಂತರ) 45.46 ಮಿಮೀ, ನನ್ನ ಸೋನಿ ಇ ಮೌಂಟಿಗೆ 18, ಅಲ್ಲಿಗೆ ಅಡಾಪ್ಟರ್ 27.46 ಇರ್ಬೇಕು, ವರ್ನಿಯರಲ್ಲಿ ಅದಕ್ಕಿಂತ ಕೂದಲೆಳೆಯಷ್ಟು ಕಮ್ಮೀನೇ ತೋರಿಸ್ತು, ಅದು ಒಳ್ಳೇದೇ, ದಪ್ಪ ಜಾಸ್ತಿ ಆದ್ರೇ ಇನ್ಫಿನಿಟಿ ಸಿಗದೇ ಇರೋದು. ಆಮೇಲೆ ಲೆಕ್ಕ ಹಾಕ್ದೆ. ಲೆನ್ಸ್ ಇನ್ಫಿನಿಟಿ ಜಾಗಕ್ಕಿಂತ ಎಷ್ಟು ಮುಂದಿದೆ ಅನ್ನೋದು ಹೆಚ್ಚೂಕಮ್ಮಿ ಫೋಕಲ್ ಲೆಂತಿನ ವರ್ಗವನ್ನ ದೂರದಿಂದ ಭಾಗಿಸಿದಷ್ಟು: 58ರ ವರ್ಗ 3364, ಅದನ್ನ 4000 ಮಿಮೀಯಿಂದ ಭಾಗಿಸಿದ್ರೆ 0.84 ಮಿಮೀ. ಅಡಾಪ್ಟರ್ 0.1 ಮಿಮೀ ಜಾಸ್ತಿ ದಪ್ಪ ಇದ್ರೂ ಫೋಕಸ್ 33 ಮೀಟರ್ ಆಸುಪಾಸಲ್ಲಿ ನಿಲ್ಲುತ್ತೆ, 4ಕ್ಕೆ ಬಂದು ನಿಲ್ಲಲ್ಲ. ಇಷ್ಟು ದೊಡ್ಡ ತಪ್ಪು ಲೆನ್ಸ್ ಒಳಗೇ ಇರ್ಬೇಕು.

ಸರಿ, ಫೋಕಸ್ ರಿಂಗಿನ ಮೂರು ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಸಡಿಲ ಮಾಡಿ ಹೆಲಿಕಾಯ್ಡನ್ನ ಬೇರೆಯಾಗಿ ಒಳಕ್ಕೆ ತಿರುಗಿಸೋಣ ಅಂದ್ರೆ ಮೂರನೇ ಸ್ಕ್ರೂನ ಗೀರು ಪೂರ್ತಿ ಸವೆದುಹೋಗಿದೆ. ಹಿಂದಿನ ಮಹಾಶಯರು ಅಗಲ ಸರಿಯಿಲ್ಲದ ಸ್ಕ್ರೂಡ್ರೈವರ್ ಹಾಕಿ ತಿರುಚಿದಾರೆ, ಮೇಲಿಂದ ಲ್ಯಾಕರ್ ಬೇರೆ ಸುರಿದಿದಾರೆ. ಟೂತ್‌ಪಿಕ್ ತುದೀಲಿ ಅಸಿಟೋನ್ ಒಂದೊಂದೇ ಹನಿ ಬಿಟ್ಟು (ರಿಂಗಿನ ಬಣ್ಣಕ್ಕೆ ತಾಗ್ಬಾರ್ದು, ಬಿಳಿ ಅಂಕಿಗಳು ಕರಗಿಹೋಗ್ತವೆ), ಸ್ವಲ್ಪ ಹೊತ್ತು ಬಿಟ್ಟು, ಸೋಲ್ಡರಿಂಗ್ ಐರನ್ ತುದಿ ಸ್ಕ್ರೂ ಮೇಲಿಟ್ಟು ಬಿಸಿ ಮಾಡಿ, ಗೀರಿಗೆ ಸರಿಯಾಗಿ ಕೂರೋ ಹಾಗೆ ಉಜ್ಜಿ ತೆಳು ಮಾಡಿದ ಸ್ಕ್ರೂಡ್ರೈವರ್ ಹಾಕಿ ಒತ್ತಿ ತಿರುಗಿಸ್ದೆ, ಟಿಕ್ ಅಂತ ಬಿಟ್ಕೊಳ್ತು.

ಆದ್ರೂ ಪ್ರಯೋಜನ ಆಗ್ಲಿಲ್ಲ! ರಿಂಗ್ ಬಿಡಿಸಿದ್ರೂ ಹೆಲಿಕಾಯ್ಡ್ ಒಳಗೆ ಹೋಗಿ ತಳ ಹಿಡಿದು ನಿಂತುಬಿಡ್ತಿತ್ತು, ಇನ್ನೂ ಇನ್ಫಿನಿಟಿ ಬಂದಿಲ್ಲ. ಅಲ್ಲಿಗೆ ಉಳಿದಿದ್ದು ಒಂದೇ ಕಾರಣ, ಅವ್ರು ಜೋಡಿಸುವಾಗ ಥ್ರೆಡ್ ತಪ್ಪು ಸ್ಟಾರ್ಟಿಗೆ (ಥ್ರೆಡ್ ಕಚ್ಚೋಕೆ ಶುರುವಾಗೋ ಜಾಗ) ಹಾಕಿದಾರೆ. ಮಲ್ಟಿ ಸ್ಟಾರ್ಟ್ ಥ್ರೆಡ್ ಅಂದ್ರೆ ಅಗಲ ಬಾಯಿ ಬಾಟಲಿ ಮುಚ್ಚಳದ ಹಾಗೆ, ಎಲ್ಲಿಟ್ಟು ತಿರುಗಿಸಿದ್ರೂ ಒಳಗೆ ಹೋಗುತ್ತೆ, ಆದ್ರೆ ಇಲ್ಲಿ ಗೈಡ್ ಕೀ (ಗಾಜಿನ ಬ್ಲಾಕ್ ತಿರುಗದ ಹಾಗೆ ಹಿಡಿಯೋ ಪಟ್ಟಿ) ಒಂದು ಕಡೆ ಕೂರ್ಬೇಕಾದ್ರಿಂದ ಒಂದು ಸ್ಟಾರ್ಟ್ ಆಚೀಚೆ ಆದ್ರೆ ಇಡೀ ಗಾಜಿನ ಬ್ಲಾಕ್ ಒಂದು ಪಿಚ್‌ನಷ್ಟು (ಥ್ರೆಡ್‌ನ ಎರಡು ಅಕ್ಕಪಕ್ಕದ ಗೆರೆಗಳ ಅಂತರ) ಮೇಲೋ ಕೆಳಗೋ ಹೋಗ್ಬಿಡುತ್ತೆ.

ಬಿಚ್ಚುವಾಗ ಥ್ರೆಡ್ ಎಲ್ಲಿ ಬಿಟ್ಕೊಳ್ಳುತ್ತೆ ಅಂತ ಗುರುತು ಹಾಕೋದು ನಮಗೆಲ್ಲ ಅಭ್ಯಾಸ, ಇಲ್ಲಿ ಆ ಗುರುತು ತೋರಿಸೋದು ಅವರ ತಪ್ಪನ್ನೇ. ಆದ್ರೂ ಹಾಕ್ಕೊಳ್ಳಿ, ಎಲ್ಲಿಂದ ಹೊರಟ್ವಿ ಅನ್ನೋದಾದ್ರೂ ಗೊತ್ತಿರುತ್ತೆ. ಎರಡೂ ಥ್ರೆಡ್ ಪೂರ್ತಿ ತೊಳೆದು, ಸ್ವಲ್ಪ ತೆಳು ಎಣ್ಣೆ ಮಾತ್ರ ಸವರಿ (ಅಲ್ಯೂಮಿನಿಯಂ ಥ್ರೆಡ್ ಒಣಗಿದ್ದಾಗ ತಿರುಗಿಸಿದ್ರೆ ಕಚ್ಕೊಂಡುಬಿಡುತ್ತೆ), ಒಂದೊಂದು ಸ್ಟಾರ್ಟಿಗೂ ಮಾರ್ಕರಲ್ಲಿ ಗೆರೆ ಹಾಕಿ, ಪ್ರತಿಸಲ ಗಾಜಿನ ಬ್ಲಾಕ್ ಕೂರಿಸಿ ದೂರದ ಆಂಟೆನಾ ನೋಡೋದು, ಆಗ್ಲಿಲ್ವಾ, ಬಿಚ್ಚು, ಮುಂದಿನ ಗೆರೆ. ಹೀಗೇ ಹೋಗ್ತಾ ಒಂದ್ಸಲ ಆಂಟೆನಾದ ತಂತಿ ಕತ್ತರಿಸಿದ ಹಾಗೆ ಚೂಪಾಗಿ ಬಂತು, ರಿಂಗ್ ಇನ್ನೂ ತಳ ಹಿಡಿದಿರ್ಲಿಲ್ಲ. ಅಲ್ಲೇ ಕೂಗ್ಬಿಟ್ಟೆ. ಆಮೇಲೆ ಎಣ್ಣೆ ಒರೆಸಿ ಗ್ರೀಸ್ ಹಾಕಿ, ನಕ್ಷತ್ರ ನೋಡಿ ಇನ್ಫಿನಿಟಿ ಸ್ಟಾಪ್ ಹೊಂದಿಸಿ ಮೂರೂ ಸ್ಕ್ರೂ ಬಿಗಿ ಮಾಡ್ದೆ, ಸವೆದಿದ್ದರ ಜಾಗಕ್ಕೆ ಹೊಸದು.

ಗ್ರೀಸ್ ಮಾರೋರಿಗೆ ಒಂದು ಮಾತು ಹೇಳ್ಲೇಬೇಕು. ಹೆಲಿಕಾಯ್ಡ್ ಗ್ರೀಸ್ ಅಂತ ತರಿಸಿದ್ರೆ ಮಂದ ಎಷ್ಟು, ಯಾವ ಎಣ್ಣೆಯಿಂದ ಮಾಡಿದ್ದು ಅಂತ ಒಂದಕ್ಷರ ಇಲ್ಲದ ಡಬ್ಬಿ ಕಳಿಸ್ತಾರೆ, ಕೇಳಿದ್ರೆ ಎಲ್ಲಾ ಲೆನ್ಸಿಗೂ ಆಗುತ್ತೆ ಅಂತಾರೆ. 58 ಎಂಎಂಗೂ ಭಾರದ 200 ಎಂಎಂಗೂ ಒಂದೇ ಗ್ರೀಸ್ ಹೇಗಾಗುತ್ತೆ? ಮೊದಲನೇ ಡಬ್ಬಿ ಹಾಕಿದಾಗ ರಿಂಗ್ ಒಂದು ಬೆರಳಲ್ಲಿ ಜಾರ್ತಿತ್ತು, ಎಲ್ಲಾ ತೊಳೆದು ಬೇರೆ ಕಡೆಯಿಂದ ಮಂದದ್ದು ತರಿಸ್ಬೇಕಾಯ್ತು.

ಮುಂದಿನದು ಟೇಬಲ್ ಮೇಲೆ ಬಂದಾಗಿದೆ, ಯಾಶಿಕಾ ಎಲೆಕ್ಟ್ರೋ 35 ಫಿಲ್ಮ್ ಕ್ಯಾಮೆರಾ. ಬ್ಯಾಟರಿ ಚಿಂತೆ ಇಲ್ಲ, 5.6 ವೋಲ್ಟಿನ ಮರ್ಕ್ಯುರಿ ಸೆಲ್ ಜಾಗಕ್ಕೆ 6 ವೋಲ್ಟ್ ಹಾಕಿದ್ರೂ ಮೀಟರ್ ಒಪ್ಕೊಳ್ಳುತ್ತೆ. ಆದ್ರೆ ಫಿಲ್ಮ್ ವೈಂಡ್ ಮಾಡಿದಾಗ ಬರ್ಬೇಕಾದ ಆ ಟಕ್ ಸದ್ದು ಬರ್ತಿಲ್ಲ, ಅಲ್ಲಿಗೆ ಒಳಗಿನ ಚಿಕ್ಕ ರಬ್ಬರ್ ಪ್ಯಾಡ್ ಪುಡಿಯಾಗಿದೆ ಅಂತಾನೇ ಅರ್ಥ. ಅದನ್ನ ಬದಲಾಯಿಸಿದವ್ರು ಯಾವ ರಬ್ಬರ್, ಎಷ್ಟು ದಪ್ಪದ್ದು ಹಾಕಿದ್ರಿ ಹೇಳಿ, ಟಾಪ್ ಪ್ಲೇಟ್ ಬಿಚ್ಚೋಕೆ ಮುಂಚೆ ತರಿಸಿಟ್ಕೋತೀನಿ.