ಕಾಲೇಜು ಫುಟ್‌ಬಾಲ್‌ನ ರಿಸೀವರ್ ಕೋಚ್ ಆಗಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಕಾಲೇಜಿನಲ್ಲಿ ವೈಡ್ ರಿಸೀವರ್ ಆಗಿ ಆಡಿದವನಿಗೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಬಾಗಿಲು ತೆರೆಯದಿದ್ದರೆ ಕೋಚಿಂಗ್‌ಗೆ ಹೋಗಬಹುದಾ, ಹೋಗುವುದಾದರೆ ಮೊದಲ ಹೆಜ್ಜೆ ಯಾವುದು? ಅಮೆರಿಕದಲ್ಲಿ ಮಕ್ಕಳು ಹೈಸ್ಕೂಲ್ ತಂಡದಲ್ಲಿ ಆಡುತ್ತಿರುವ ಕನ್ನಡದ ಮನೆಯವರೂ ಕೇಳುತ್ತಾರೆ, ಇಲ್ಲಿ ಕೂತು ಶನಿವಾರದ ಪಂದ್ಯ ನೋಡುವವರೂ ಕೇಳುತ್ತಾರೆ. ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್, ರಿಸೀವರ್ ಅಂದರೆ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡುತ್ತಾ ಹಿಡಿಯುವವನು.

ಖಂಡಿತ ಹೋಗಬಹುದು. ಆದರೆ ಆಡುವುದು ನಿಂತ ಮೇಲೆ ಶುರು ಮಾಡಿದರೆ ತಡವಾಯಿತು. ಕೊನೆಯ ಎರಡು ಸೀಸನ್‌ಗಳಲ್ಲೇ ಕಲಿಕೆ ಆರಂಭವಾಗಬೇಕು, ಅದೂ ತನ್ನದಲ್ಲದ ಕೆಲಸದ ಕಲಿಕೆ.

ರಿಸೀವರ್‌ಗೆ ತನ್ನ ರೂಟ್, ಅಂದರೆ ತಾನು ಓಡಬೇಕಾದ ದಾರಿ, ಗೊತ್ತಿದ್ದರೆ ಆಟ ನಡೆಯುತ್ತದೆ. ಕೋಚ್‌ಗೆ ಅಷ್ಟು ಸಾಲದು. ಕಾಲೇಜು ಮೈದಾನವನ್ನೇ ನೋಡಿ. ಅಗಲ 160 ಅಡಿ, ಪ್ರತಿ ಪ್ಲೇ ಶುರುವಾಗುವಾಗ ಚೆಂಡು ಇಡುವ ಜಾಗದ ಮಿತಿ ತೋರಿಸುವ ಎರಡು ಹ್ಯಾಶ್ ಗುರುತುಗಳ ನಡುವೆ 40 ಅಡಿ ಅಂತರ. ಎನ್‌ಎಫ್‌ಎಲ್‌ನಲ್ಲಿ ಆ ಅಂತರ ಹದಿನೆಂಟೂವರೆ ಅಡಿ ಮಾತ್ರ. ಕಾಲೇಜಿನಲ್ಲಿ ಚೆಂಡು ಹ್ಯಾಶ್ ಮೇಲಿದ್ದರೆ ಒಂದು ಬದಿಯ ಗೆರೆ 20 ಗಜದಲ್ಲಿ ಸಿಗುತ್ತದೆ, ಇನ್ನೊಂದು ಬದಿಯದು 33 ಗಜಕ್ಕೂ ದೂರ. ಅದೇ ಔಟ್ ರೂಟ್ (ನೇರ ಓಡಿ ಬದಿಯ ಗೆರೆಯತ್ತ ತಿರುಗುವುದು) ದೂರದ ಬದಿಗೆ ಓಡಿದರೆ ಚೆಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಷ್ಟರೊಳಗೆ ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್ ಮುಂದೆ ನುಗ್ಗಿ ಕಿತ್ತುಕೊಳ್ಳುತ್ತಾನೆ. ಆಡುವವನು ‘ಎಸೆತ ತಡವಾಯ್ತು’ ಎನ್ನುತ್ತಾನೆ. ಆ ಎಸೆತಕ್ಕೆ ಕರೆ ಕೊಟ್ಟದ್ದೇ ತಪ್ಪು ಎಂದು ಕಾಣಬೇಕಾದವನು ಕೋಚ್.

ಹಾಗಾಗಿ ಫಿಲ್ಮ್ ನೋಡುವಾಗ ತನ್ನನ್ನು ಬಿಟ್ಟು ಉಳಿದ ಹತ್ತು ಜನರನ್ನು ನೋಡುವ ಅಭ್ಯಾಸ ಬೇಕು. ಮುಖ್ಯವಾಗಿ ಲೈನ್‌ಮನ್‌ಗಳು ಕ್ವಾರ್ಟರ್‌ಬ್ಯಾಕ್‌ಗೆ ಕೊಡುವ ಪ್ರೊಟೆಕ್ಷನ್: ಯಾರು ಯಾರನ್ನು ತಡೆಯುತ್ತಾರೆ, ಬ್ಲಿಟ್ಜ್ ಬಂದರೆ, ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗಿದರೆ, ಅವರಲ್ಲಿ ಯಾರು ತಡೆಯುವವರಿಲ್ಲದೆ ಉಳಿಯುತ್ತಾನೆ, ಆಗ ರಿಸೀವರ್ ರೂಟ್ ಎಷ್ಟು ಮೊಟಕಾಗಬೇಕು. ರಿಸೀವರ್‌ಗಳಾಗಿದ್ದು ಕೋಚ್ ಆದವರಲ್ಲಿ ಹಲವರು ರಿಸೀವರ್ ಕೋಚ್ ಹುದ್ದೆಯಲ್ಲೇ ನಿಂತುಬಿಡಲು ನನ್ನ ಪ್ರಕಾರ ದೊಡ್ಡ ಕಾರಣ ಇದೇ. ಪ್ರೊಟೆಕ್ಷನ್ ಮತ್ತು ಓಟದ ಆಟ ಗೊತ್ತಿಲ್ಲದವನ ಕೈಗೆ ಇಡೀ ಅಫೆನ್ಸ್ ಯಾರೂ ಕೊಡುವುದಿಲ್ಲ.

ಮೊದಲ ಕೆಲಸ ಸಾಮಾನ್ಯವಾಗಿ ಗ್ರಾಜುಯೇಟ್ ಅಸಿಸ್ಟೆಂಟ್, ಎಲ್ಲರೂ ಜಿಎ ಅನ್ನುತ್ತಾರೆ. ಮಾಸ್ಟರ್ಸ್‌ಗೆ ಸೇರಿರಬೇಕು, ಪ್ರತಿಯಾಗಿ ಫೀಸು ಮತ್ತು ಸಣ್ಣ ಸ್ಟೈಪೆಂಡ್ ಸಿಗುತ್ತದೆ. ದಿನದ ಬಹುಪಾಲು ಕಂಪ್ಯೂಟರ್ ಮುಂದೆ. ಎದುರಾಳಿಯ ಹಿಂದಿನ ಪಂದ್ಯಗಳ ಪ್ರತಿ ಪ್ಲೇಯನ್ನೂ ಒಂದೊಂದು ಸಾಲಾಗಿ ದಾಖಲಿಸಬೇಕು: 3ನೇ ಡೌನ್, 7 ಗಜ ಬಾಕಿ, ಎಡ ಹ್ಯಾಶ್, 11 ಪರ್ಸನೆಲ್, ಅಂದರೆ ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ರಿಸೀವರ್. ನಂತರ ಫಾರ್ಮೇಶನ್, ಬ್ಲಿಟ್ಜ್, ಕವರೇಜ್ (ಎಸೆತವನ್ನು ಯಾರು ಎಲ್ಲಿ ಕಾಯುತ್ತಾರೆ). ಹೊಸಬರು ಎಡವುವುದು ಕವರೇಜ್ ಕಾಲಂನಲ್ಲಿ. ಸ್ನ್ಯಾಪ್‌ಗೆ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವುದಕ್ಕೆ, ಮುಂಚೆ ಇಬ್ಬರು ಸೇಫ್ಟಿಗಳು (ಡಿಫೆನ್ಸ್‌ನ ಕೊನೆಯ ಕಾವಲಿನವರು) ಹಿಂದೆ ನಿಂತಿರುತ್ತಾರೆ, ಇವನು ‘ಕವರ್ 2’ (ಹಿಂದಿನ ಜಾಗವನ್ನು ಇಬ್ಬರು ಕಾಯುವುದು) ಎಂದು ಬರೆದುಬಿಡುತ್ತಾನೆ. ಸ್ನ್ಯಾಪ್ ಆದೊಡನೆ ಒಬ್ಬ ಕೆಳಗಿಳಿದು, ಇನ್ನೊಬ್ಬ ನಡುವಿಗೆ ಸರಿದು ಅದು ಮೂವರು ಕಾಯುವ ಕವರ್ 3 ಆಗಿರುತ್ತದೆ. ಇಂಥ ಹತ್ತು ಸಾಲು ತಪ್ಪಾದರೆ ಮೂರನೇ ಡೌನ್‌ಗೆ ಮಾಡಿಕೊಂಡ ಸಿದ್ಧತೆ ಪೂರ್ತಿ ಹಳ್ಳ ಹಿಡಿಯಿತು ಎಂದೇ ಲೆಕ್ಕ. ತೋರಿಸಿದ್ದು, ಆಡಿದ್ದು ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ.

ಅಭ್ಯಾಸದಲ್ಲಿ ಎದುರಾಳಿಯಂತೆ ಆಡಿ ತೋರಿಸುವ ಸ್ಕೌಟ್ ತಂಡಕ್ಕೆ ಪ್ಲೇಯ ಕಾರ್ಡ್ ಬರೆದು ಹಿಡಿಯುವುದೂ ಜಿಎ ಪಾಲಿನದೇ. ಕಾರ್ಡ್ ನೋಡುವ ಆಟಗಾರನ ಎಡ–ಬಲಕ್ಕೆ ತಕ್ಕಂತೆ ಬರೆಯಬೇಕು. ಉಲ್ಟಾ ಬರೆದರೆ ಮೊದಲ ತಂಡ ಎದುರಾಳಿ ಎಂದೂ ಆಡದ ಆಟಕ್ಕೆ ತಯಾರಾಗುತ್ತದೆ.

ಇನ್ನು ಕಲಿಸುವುದು. ಸಹಜ ಪ್ರತಿಭೆಯಿದ್ದ ಆಟಗಾರನಿಗೆ ಇಲ್ಲೇ ಕಷ್ಟ, ಏಕೆಂದರೆ ಅವನ ಮೈಗೆ ಗೊತ್ತಿದ್ದದ್ದು ಮಾತಿಗೆ ಬರುವುದಿಲ್ಲ. 12 ಗಜದ ಡಿಗ್ ರೂಟ್ ತೆಗೆದುಕೊಳ್ಳಿ: ನೇರ ಓಡಿ, ತಟ್ಟನೆ ಒಳಕ್ಕೆ ತಿರುಗುವುದು. ಹುಡುಗ ಒಂಬತ್ತನೇ ಗಜದಲ್ಲೇ ಎದೆ ಮೇಲೆತ್ತಿ, ಸಣ್ಣ ಸಣ್ಣ ಹೆಜ್ಜೆ ಕುಟ್ಟತೊಡಗುತ್ತಾನೆ. ಕಾರ್ನರ್‌ಗೆ ಅಷ್ಟು ಸುಳಿವು ಸಾಕು. ‘ಇನ್ನೂ ಶಾರ್ಪ್ ಆಗಿ ತಿರುಗು’ ಎಂದು ಕೂಗಿ ಪ್ರಯೋಜನವಿಲ್ಲ. ಯಾವ ಕಾಲು ಊರಬೇಕು ಎಂದು ಹೇಳಿ. ಬಲಬದಿಯಲ್ಲಿ ನಿಂತವನಿಗೆ ಡಿಗ್ ಎಡಕ್ಕೆ ತಿರುಗುತ್ತದೆ, ಊರಬೇಕಾದ್ದು ಹೊರಗಿನ ಕಾಲು, ಅಂದರೆ ಬಲಗಾಲು. ಎದೆ ಮೊಣಕಾಲಿನ ಮೇಲೇ ಇರಬೇಕು, ಸೊಂಟ ಇಳಿಯಬೇಕು, ಊರಿದ ಮೇಲೆ ಮೊದಲ ಹೆಜ್ಜೆ ಅಡ್ಡಕ್ಕೇ ಬೀಳಬೇಕು. ಆ ಹೆಜ್ಜೆ ಮುಂದಕ್ಕೆ ಬಿದ್ದರೆ 12 ಗಜದ ರೂಟ್ 14 ಆಗುತ್ತದೆ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡು ಅವನ ಮುಂದಿನಿಂದ ದಾಟಿಹೋಗುತ್ತದೆ. 12ನೇ ಗಜದಲ್ಲಿ ಒಂದು ಕೋನ್ ಇಟ್ಟು, ಪಕ್ಕದಿಂದ ವಿಡಿಯೊ ತೆಗೆದು, ಮೊದಲು ಅರ್ಧ ವೇಗದಲ್ಲಿ, ಆಮೇಲೆ ಪೂರ್ತಿ ವೇಗದಲ್ಲಿ ಮಾಡಿಸಿ. ಅರ್ಧ ವೇಗದಲ್ಲಿ ಸರಿಯಿದ್ದು ಪೂರ್ತಿ ವೇಗದಲ್ಲಿ ಎದೆ ಎದ್ದರೆ, ಅವನಿಗೆ ತಂತ್ರ ತಿಳಿದಿದೆ, ವೇಗ ತಡೆಯುವ ಕಾಲಿನ ಬಲ ಸಾಲದು. ಅದನ್ನು ಸ್ಟ್ರೆಂತ್ ಕೋಚ್‌ಗೆ ಒಪ್ಪಿಸಿ.

ದಾರಿಗಳು ಒಂದೇ ಥರ ಇರುವುದಿಲ್ಲ. ಬ್ರಯಾನ್ ಹಾರ್ಟ್‌ಲೈನ್ ಓಹಾಯೊ ಸ್ಟೇಟ್‌ನಲ್ಲಿ ಆಡಿ, ಎನ್‌ಎಫ್‌ಎಲ್‌ನಲ್ಲಿ 2012 ಮತ್ತು 2013ರಲ್ಲಿ ಸಾವಿರ ಗಜ ದಾಟಿದವರು. ಅಷ್ಟಿದ್ದೂ 2017ರಲ್ಲಿ ಹಳೆಯ ಕಾಲೇಜಿಗೆ ಮರಳಿದ್ದು ಕ್ವಾಲಿಟಿ ಕಂಟ್ರೋಲ್ ಎಂಬ ಕೆಳಗಿನ ಹುದ್ದೆಗೆ. ರಿಸೀವರ್ ಕೋಚ್ ಹೊಣೆ ಬಂದದ್ದು ಮರುವರ್ಷ. ಡಾಬೊ ಸ್ವಿನ್ನಿ ಅಲಬಾಮಾದಲ್ಲಿ ವಾಕ್‌ಆನ್ (ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದ) ರಿಸೀವರ್, 1992ರ ಚಾಂಪಿಯನ್ ತಂಡದ ಸದಸ್ಯ. ಅಲ್ಲೇ ಜಿಎ ಆಗಿ, ಕೋಚ್ ಆಗಿ, 2000ದ ಸೀಸನ್ ಮುಗಿದಾಗ ಇಡೀ ಕೋಚಿಂಗ್ ಬಳಗದ ಜೊತೆ ಕೆಲಸ ಕಳೆದುಕೊಂಡರು. ಎರಡು ವರ್ಷ ರಿಯಲ್ ಎಸ್ಟೇಟ್‌ನಲ್ಲಿದ್ದವರನ್ನು 2003ರಲ್ಲಿ ಕ್ಲೆಮ್ಸನ್‌ಗೆ ಕರೆದದ್ದು, ಅವರು ಆಡುತ್ತಿದ್ದಾಗ ಅಲಬಾಮಾದಲ್ಲಿ ಕೋಚ್ ಆಗಿದ್ದ ಟಾಮಿ ಬೌಡನ್. 2016 ಮತ್ತು 2018ರ ಸೀಸನ್‌ಗಳಲ್ಲಿ ಸ್ವಿನ್ನಿಯ ಕ್ಲೆಮ್ಸನ್ ರಾಷ್ಟ್ರೀಯ ಚಾಂಪಿಯನ್ ಆಯಿತು.

ನಾನು ಹೆಚ್ಚು ಮೆಚ್ಚುವುದು ಕೇಲನ್ ಡಿಬೋರ್ ಹಿಡಿದ ದಾರಿ. ಸೂ ಫಾಲ್ಸ್ ಎಂಬ ಚಿಕ್ಕ ವಿಶ್ವವಿದ್ಯಾಲಯದಲ್ಲಿ ರಿಸೀವರ್, ಮುಂದೆ ಅಲ್ಲೇ ಅಫೆನ್ಸ್ ಕೋಆರ್ಡಿನೇಟರ್, 2005ರಿಂದ ಮುಖ್ಯ ಕೋಚ್. ಐದು ಸೀಸನ್‌ಗಳಲ್ಲಿ 67 ಗೆಲುವು, 3 ಸೋಲು. 2024ರ ಜನವರಿಯಲ್ಲಿ ಅಲಬಾಮಾದ ಮುಖ್ಯ ಕೋಚ್. ಚಿಕ್ಕ ಕಾಲೇಜಿನಲ್ಲಿ ಕೈಗಳು ಕಡಿಮೆ, ಕೆಲಸ ಮಾತ್ರ ದೊಡ್ಡ ಕಾಲೇಜಿನಷ್ಟೇ. ರಿಸೀವರ್‌ಗೆ ಕಲಿಸಲು ಬಂದವನು ಪ್ಲೇ ಕರೆಯುವುದನ್ನೂ ಪ್ರೊಟೆಕ್ಷನ್ ಕಟ್ಟುವುದನ್ನೂ ಬೇಗ ಕಲಿಯುತ್ತಾನೆ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಹತ್ತರಲ್ಲಿ ಹನ್ನೊಂದನೆಯವನಾಗುವ ಅವಕಾಶಕ್ಕಿಂತ, ಒಂದು ಪೊಸಿಷನ್ ಪೂರ್ತಿ ಕೈಗೆ ಕೊಡುವ ಚಿಕ್ಕ ಕಾಲೇಜನ್ನು ಆರಿಸಿ ಎಂದೇ ನನ್ನ ಸಲಹೆ. ಆದರೆ 2024ರ ಜೂನ್‌ನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಿಯಮ ಬದಲಿಸಿದ ಮೇಲೆ ದೊಡ್ಡ ಕಾಲೇಜಿನ ಅನಲಿಸ್ಟ್‌ಗಳೂ (ಫಿಲ್ಮ್ ವಿಶ್ಲೇಷಣೆಯ ಸಹಾಯಕರೂ) ಮೈದಾನದಲ್ಲಿ ಕಲಿಸಬಹುದು. ಮೊದಲಿದ್ದಷ್ಟು ಅಂತರ ಈಗಿಲ್ಲ.

ಕೆಲಸ ಖಾಲಿಯಾಗುವುದು ಬಹುತೇಕ ನವೆಂಬರ್ ಕೊನೆಯಿಂದ ಜನವರಿಯೊಳಗೆ. ಮುಖ್ಯ ಕೋಚ್ ಹೋದರೆ ಅವರ ಬಳಗವೂ ಖಾಲಿ, ಹೊಸಬರು ತಮಗೆ ಗೊತ್ತಿದ್ದವರನ್ನು ಕರೆತರುತ್ತಾರೆ. ಜನವರಿಯಲ್ಲಿ ಕೋಚ್‌ಗಳ ಸಂಘದ ಸಮಾವೇಶ ನಡೆಯುತ್ತದೆ, ಅಲ್ಲಿಗೆ ಹೋಗಿ. ಕೈಯಲ್ಲಿ ರೆಸ್ಯೂಮೆ ಮಾತ್ರ ಸಾಲದು. ತಾನೇ ತಯಾರಿಸಿದ ಒಂದು ಪಂದ್ಯದ ಬ್ರೇಕ್‌ಡೌನ್, ಒಂದು ವಾರದ ರಿಸೀವರ್ ಡ್ರಿಲ್‌ಗಳ ಪಟ್ಟಿ ಇರಲಿ, ಪ್ರತಿ ಡ್ರಿಲ್‌ಗೂ ಎಷ್ಟು ನಿಮಿಷ, ಯಾವ ತಪ್ಪು ತಿದ್ದಲು ಎಂದು ಬರೆದಿರಲಿ. ಸಂದರ್ಶನದಲ್ಲಿ ಬೋರ್ಡ್ ಮುಂದೆ ನಿಲ್ಲಿಸಿ ಒಂದು ಪ್ಲೇ ಬರೆಯಿರಿ ಎನ್ನುತ್ತಾರೆ. ಆಗ ಐದು ಲೈನ್‌ಮನ್‌ಗಳಿಂದ ಶುರು ಮಾಡಿ, ರಿಸೀವರ್‌ಗಳನ್ನು ಆಮೇಲೆ ಬರೆಯಿರಿ.