ಹೊರಡುವ ಮುನ್ನ ಕಂಡ ಬಿಳಿ ಹುಬ್ಬು

ಶಿವರಾತ್ರಿ ಕಳೆದು ಎಂಟು ದಿನಗಳಾಗಿದ್ದವು. ದಾವಣಗೆರೆಯ ಸುತ್ತ ಭದ್ರಾ ನಾಲೆಯ ನೀರುಂಡ ಗದ್ದೆಗಳಲ್ಲಿ ಬೇಸಿಗೆ ಭತ್ತ ಹಸಿರಾಗಿ ನಿಂತಿತ್ತು. ಗೆಳೆಯನೊಂದಿಗೆ ನಸುಕಿನಲ್ಲೇ ಹೊರಟು ಹರಿಹರ ತಾಲ್ಲೂಕಿನ ಕೊಂಡಜ್ಜಿ ಕೆರೆಯ ಏರಿಯನ್ನು ತಲುಪಿದಾಗ ಗುಡ್ಡದ ನೆರಳು ಇನ್ನೂ ಅರ್ಧ ನೀರಿನ ಮೇಲೆ ಚಾಚಿಕೊಂಡಿತ್ತು.

ಡಿಸೆಂಬರಿನಲ್ಲಿ ಇದೇ ಏರಿಯ ಮೇಲೆ ಕುಳಿತು ನನ್ನ ಟಿಪ್ಪಣಿ ಪುಸ್ತಕದಲ್ಲಿ 'ಸಣ್ಣ ಕಂದು ಬಾತುಗಳು, ಸುಮಾರು 40, ಗುರುತಿಸಲಾಗಲಿಲ್ಲ' ಎಂದು ಬರೆದುಕೊಂಡಿದ್ದೆ. ಅಂದು ದೂರದಲ್ಲಿ ಗುಂಪಾಗಿ ನಿದ್ದೆ ಹೋಗಿದ್ದ ಆ ಹಕ್ಕಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂಬುದೂ ತಿಳಿದಿರಲಿಲ್ಲ. ಈ ಬಾರಿ ಜೊಂಡಿನ ಅಂಚಿನಲ್ಲಿ ಬೈನಾಕ್ಯುಲರ್ ನಿಲ್ಲಿಸಿದೊಡನೆ ಕಂಡದ್ದು ಒಂದು ಬಿಳಿ ಗೆರೆ. ಕಡುಗಂದು ತಲೆಯ ಮೇಲೆ, ಕಣ್ಣಿನ ಮೇಲಿನಿಂದ ಹೊರಟು ಕತ್ತಿನ ಹಿಂಬದಿಯವರೆಗೆ ಬಾಗಿ ಇಳಿದ, ವಿಭೂತಿಯಲ್ಲಿ ಎಳೆದಂತಹ ಅಗಲವಾದ ಹುಬ್ಬು. ಬಿಳಿ ಹುಬ್ಬಿನ ಬಾತು! ಪಕ್ಕೆಯಲ್ಲಿ ಬೂದು ಬಣ್ಣ; ಬೆನ್ನಿನಿಂದ ಜೋತುಬಿದ್ದ ಕಪ್ಪು ಬಿಳುಪಿನ ಉದ್ದ ಗರಿಗಳು ನೀರಿನ ಅಲೆಗೆ ಮೆಲ್ಲನೆ ಅಲುಗುತ್ತಿದ್ದವು.

ಸೂಜಿಬಾಲದ ಬಾತಿನಂತಹ ಹಕ್ಕಿಗಳ ಗಂಡುಗಳು ಚಳಿಗಾಲದ ಆರಂಭದ ಹೊತ್ತಿಗೇ ಹೊಸ ಗರಿಗಳನ್ನು ಪಡೆದುಬಿಡುತ್ತವೆ. ಬಿಳಿ ಹುಬ್ಬಿನ ಗಂಡು ಮಾತ್ರ ಚಳಿಗಾಲದ ಬಹುಭಾಗವನ್ನು ಹೆಣ್ಣಿನಂತಹ ಮಾಸಲು ಬಣ್ಣದಲ್ಲಿಯೇ ಕಳೆದು, ಹೊರಡುವ ಕಾಲ ಸಮೀಪಿಸಿದಾಗ ತನ್ನ ಪೂರ್ಣ ಬಣ್ಣಕ್ಕೆ ಬರುತ್ತದೆ. ಇವು ಮರಿ ಮಾಡುವುದು ಉತ್ತರದಲ್ಲಿ, ರಷ್ಯಾ ಮತ್ತು ಮಧ್ಯ ಏಷ್ಯಾದ ಜೌಗು ಹುಲ್ಲುಗಾವಲುಗಳಲ್ಲಿ. ನಮ್ಮ ಕೆರೆಗಳಲ್ಲಿ ಇವುಗಳದ್ದು ಚಳಿಗಾಲದ ವಾಸ ಮಾತ್ರ. ತಿಂಗಳುಗಟ್ಟಲೆ ನಮ್ಮ ನೀರಿನಲ್ಲಿ ಉಂಡು ಬೆಳೆದ ಹಕ್ಕಿಯ ಚೆಲುವು ನಮಗೆ ಕಾಣಸಿಗುವುದು ಬೀಳ್ಕೊಡುವ ಈ ಕೆಲವೇ ವಾರಗಳಲ್ಲಿ ಎಂಬುದನ್ನು ನೆನೆದಾಗ, ಆ ಬೆಳಗಿನ ಒಂದೊಂದು ನಿಮಿಷವೂ ನನಗೆ ದೊಡ್ಡದಾಗಿ ತೋರಿತು.

ಗಂಡೊಂದು ತಲೆಯನ್ನು ಹಿಂದಕ್ಕೆ ಬೆನ್ನಿಗೆ ತಾಗುವಂತೆ ಬಾಗಿಸಿ, ಬಾಚಣಿಗೆಯ ಹಲ್ಲುಗಳ ಮೇಲೆ ಉಗುರೆಳೆದಂತಹ ಒಣ ಸದ್ದು ಹೊರಡಿಸಿತು. ಹೆಣ್ಣು ಅತ್ತ ತಿರುಗಿಯೂ ನೋಡದೆ ಮೇಯುತ್ತಲೇ ಇತ್ತು. ಹಗಲು ಉದ್ದವಾಗುತ್ತಿದ್ದಂತೆ ವಲಸೆ ಹಕ್ಕಿಗಳ ಒಡಲೇ ಪಯಣದ ಸಿದ್ಧತೆಗೆ ತೊಡಗುತ್ತದೆ: ಹಸಿವು ಹೆಚ್ಚುತ್ತದೆ, ತಿಂದದ್ದು ಕೊಬ್ಬಾಗಿ ಕೂಡುತ್ತದೆ, ಆ ಕೊಬ್ಬೇ ದಾರಿಯ ಬುತ್ತಿ. ಇಡೀ ಗುಂಪು ತಲೆಯನ್ನು ನೀರಿಗೆ ಅದ್ದಿ ಬಿಡುವಿಲ್ಲದೆ ಮೇಯುತ್ತಿದ್ದುದರ ಅರ್ಥ ಅದೇ ಇರಬೇಕು. ಪಕ್ಕದಲ್ಲಿದ್ದ ಚಲುಕದ ಬಾತುಗಳನ್ನಾಗಲಿ, ತಂತಿಯ ಮೇಲೆ ಸಾಲುಗಟ್ಟಿದ್ದ ಕವಲುತೋಕೆಗಳನ್ನಾಗಲಿ ನಾನು ಅಂದು ಹೆಚ್ಚು ಹೊತ್ತು ನೋಡಲಿಲ್ಲ.

ಬಲೆ ಎತ್ತಿಕೊಂಡು ದಡಕ್ಕೆ ಬಂದ ಹಿರಿಯ ಮೀನುಗಾರರೊಬ್ಬರು ನಾವು ನೋಡುತ್ತಿದ್ದ ದಿಕ್ಕಿಗೇ ಕಣ್ಣು ಹಾಯಿಸಿ, "ಇನ್ನೇನ್ರೀ ಸರ, ಯುಗಾದಿಗೆ ಬಂದ್ರೆ ಇವು ಇರಂಗಿಲ್ಲ. ರಾತ್ರಿ ಹೋಗಿಬಿಡ್ತಾವ, ಹೋಗಿದ್ದು ಗೊತ್ತಾಗಂಗಿಲ್ಲ" ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ಜೊಂಡಿನ ಮೇಲೆ ಸೆಳೆವ ಎಂಬ ಬೇಟೆಹಕ್ಕಿಯೊಂದು ತಗ್ಗಾಗಿ ಹಾದುಹೋಯಿತು. ಬಾತುಗಳೆಲ್ಲ ಒಮ್ಮೆಗೇ ಎದ್ದವು. ಗಂಡುಗಳ ರೆಕ್ಕೆಯ ಮುಂಭಾಗದ ತಿಳಿ ನೀಲಿಬೂದು ಬಣ್ಣ ಬಿಸಿಲಿಗೆ ಮಿನುಗಿತು. ಮಾಸಲು ಗರಿಗಳ ಕಾಲದಲ್ಲಿಯೂ ಗಂಡಿನಲ್ಲಿ ಉಳಿದಿರುವ ಗುರುತು ಇದು. ಡಿಸೆಂಬರಿನಲ್ಲಿ ಅವು ಒಮ್ಮೆ ಹಾರಿದ್ದರೆ ಅಂದೇ ತಿಳಿಯುತ್ತಿತ್ತೇನೋ.

ಯುಗಾದಿಯ ಮರುದಿನ ಒಬ್ಬನೇ ಹೋದೆ. ಜೊಂಡಿನ ಅಂಚಿನಲ್ಲಿ ಇಲ್ಲಿಯವೇ ಆದ ಚುಕ್ಕೆಕೊಕ್ಕಿನ ಬಾತುಗಳ ಒಂದು ಜೋಡಿ, ನಡುನೀರಿನಲ್ಲಿ ನಾಮದ ಕೋಳಿಗಳು. ಬಿಳಿ ಹುಬ್ಬು ಒಂದೂ ಇರಲಿಲ್ಲ. ಪುಸ್ತಕ ತೆರೆದು ಡಿಸೆಂಬರಿನ ಪುಟಕ್ಕೆ ಹೋದೆ. 'ಗುರುತಿಸಲಾಗಲಿಲ್ಲ' ಎಂಬುದನ್ನು ಹೊಡೆದುಹಾಕಲು ಮನಸ್ಸಾದರೂ, ಅಂದಿನ ಗುಂಪು ಇದೇ ಎಂದು ಖಚಿತವಾಗಿ ಹೇಳಲಾರದೆ ಹಾಗೆಯೇ ಬಿಟ್ಟೆ.